ಸಾಲು ತಪ್ಪಿದ ಸಸಿ

"ಮಿಷನ್ ಆಫ್ ಮಾಡ್ರೋ! ಮಾಡ್ತೀರೋ, ಇಲ್ಲ ಅದನ್ನೇ ಕಿತ್ತು ಬಾವಿಗೆ ಎಸೀಲೋ?"

ಗರಗಸದ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಆದರೆ ಕಪ್ಪು ಕೋಟು ಕಂಡಿತಲ್ಲ, ಅಷ್ಟು ಸಾಕಾಯಿತು. ಇಬ್ಬರು ಕೂಲಿಯವರಲ್ಲಿ ಒಬ್ಬ ಮಿಷನ್ ನಿಲ್ಲಿಸಿದ. ಹುಲಿಕೆರೆಯ ಆ ತೋಟದಲ್ಲಿ ಗಿಳಿಗಳ ಕಿರುಚಾಟ ಮಾತ್ರ ಉಳಿಯಿತು.

ಹನ್ನೊಂದು ತೆಂಗಿನ ಮರ ಉರುಳಿದ್ದವು. ಒಂದೊಂದೂ ಐವತ್ತು ವರ್ಷದ ಮರ, ಗೊನೆ ಸಮೇತ ಮಣ್ಣಿಗೆ ಬಿದ್ದಿತ್ತು. ಹನ್ನೆರಡನೆಯದರ ಬುಡ ತಬ್ಬಿಕೊಂಡು ಸಿರಿ ಕೂತಿದ್ದಳು. ತಲೆ ತುಂಬ ಮರದ ಪುಡಿ, ತರಚಿದ ಮೊಣಕೈ, ಮಣ್ಣಾದ ಬರಿಗಾಲು. ಅವಳ ನೀಲಿ ಚಪ್ಪಲಿಯ ಜೋಡಿ ಆಚೆ ಬದುವಿನ ಮೇಲಿತ್ತು.

ಸಿರಿಗೆ ಇಪ್ಪತ್ಮೂರು ವರ್ಷ. ಮಾದಿಹಳ್ಳಿಯ ತಾಯಿಯ ತವರಿನಲ್ಲಿ ಬೆಳೆದವಳು, ಅಲ್ಲಿನ ಡೇರಿಯಲ್ಲಿ ಹಾಲಿನ ಪರೀಕ್ಷೆ ಮಾಡುವ ಕೆಲಸ. ಹದಿನಾಲ್ಕು ತಿಂಗಳಿಂದ ಯಾರ ಕಣ್ಣಿಗೂ ಬೀಳದ ಅಪ್ಪ ಶಿವಕುಮಾರ್‌ನನ್ನು ಹುಡುಕಿಕೊಡಿ ಎಂದು ಅರಸೀಕೆರೆಯ ನನ್ನ ಆಫೀಸಿಗೆ ಅವಳು ಬಂದು ಮೂರು ವಾರವಾಗಿತ್ತು.

"ನಾವೇನ್ ಮಾಡಾನ ಮೇಡಂ," ಕೂಲಿಯವನು ಗೊಣಗಿದ. "ಈ ಅಕ್ಕ ಬೆಳಗ್ಗಿಂದ ಬದಿನ ಮೇಲೆ ನಿಂತ್ಕಂಡು ಸುಮ್ನೆ ನೋಡ್ತಿದ್ರು. ಹನ್ನೊಂದು ಮರ ಬೀಳೋಗಂಟ ಒಂದ್ ಮಾತಿಲ್ಲ. ಈ ಮರಕ್ಕೆ ಬಂದೇಟ್ಗೆ ಓಡ್ಬಂದು ತಬ್ಕಂಡ್ಬುಟ್ರು."

"ಹೆದರಿದ್ದೆ ಮೇಡಂ," ಎಂದಳು ಸಿರಿ. "ಒಬ್ಳೇ ಇದ್ದೆ."

ಹೆದರದೆ ಏನು ಮಾಡುತ್ತಾಳೆ? ನಾನು ಅವಳ ಭುಜ ತಟ್ಟಿದೆ. ಮರ ಕಡಿಯದಂತೆ ನಿನ್ನೆ ಸಂಜೆ ಬೇಲೂರಿನ ಕೋರ್ಟಿನಲ್ಲಿ ಸಿಕ್ಕ ತಡೆಯಾಜ್ಞೆ ನನ್ನ ಬ್ಯಾಗಿನಲ್ಲಿತ್ತು. ಅದು ತಲುಪುವ ಮುಂಚೆಯೇ ಕಡಿದು ಮುಗಿಸಿಬಿಡೋಣ ಎಂದು ಬೆಳಗ್ಗೆ ಏಳಕ್ಕೇ ಕೂಲಿಯವರನ್ನು ಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರು ಕೊಟ್ಟ ಬಿಪಿ ಮಾತ್ರೆ ಇಂಥ ದಿನಗಳಿಗೆ ಸಾಲುವುದಿಲ್ಲ.

"ಏನ್ ಮೇಡಂ ಇದು, ನಮ್ ತೋಟದಾಗೆ ನಿಮ್ದೇನು ಗಲಾಟೆ?"

ಪಂಪ್‌ಹೌಸಿನ ಕಡೆಯಿಂದ ರಾಜಶೇಖರ್ ಬರುತ್ತಿದ್ದ. ಶಿವಕುಮಾರ್‌ನ ಚಿಕ್ಕಪ್ಪನ ಮಗ, ಸಿರಿಗೆ ವರಸೆಯಲ್ಲಿ ಚಿಕ್ಕಪ್ಪ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಶರ್ಟು, ಕಾಲಲ್ಲಿ ದಪ್ಪ ಅಟ್ಟೆಯ ಚರ್ಮದ ಚಪ್ಪಲಿ. ಹಿಂದೆಯೇ ಮುದುಕ ಕರಿಯಪ್ಪ. ಮೂವತ್ತು ವರ್ಷದಿಂದ ಈ ತೋಟದ ಕಾಯಿ ಕೀಳುವವನು ಅವನೇ.

"ನಿಮ್ ತೋಟ ಯಾವಾಗ ಆಯ್ತು ರಾಜಶೇಖರ್?"

"ಅಣ್ಣಂದು ಅಂದ್ರೆ ನಂದೇ ಅಲ್ವರಾ? ಅವ್ನೇ ಬರ್ಕೊಟ್ಟವ್ನೆ. ನೋಡಿ." ಮಡಿಸಿದ ಕಾಗದವನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಹೋದ ತಿಂಗಳ ತಾರೀಖು, ಅವನದೇ ಸೈನು. ಮರ ತೆಗ್ಸು, ಹಳೇಬೀಡಿಗೆ ಬರೋ ಟೂರಿಸ್ಟ್‌ಗಳಿಗೆ ಒಂದು ಹೋಂಸ್ಟೇ ಕಟ್ಟು ಅಂತ."

"ಬರ್ಕೊಟ್ಟ ಅಣ್ಣ ಎಲ್ಲವ್ರೆ?"

"ಉತ್ತರದ ಕಡೆ ಮಠ ಮಠ ಸುತ್ಕೊಂಡವ್ನೆ. ವೈರಾಗ್ಯ ಬಂದೈತೆ."

"ವೈರಾಗ್ಯ ಬಂದೋರು ಹೋಂಸ್ಟೇ ಕಟ್ಟು ಅಂತಾರಾ?"

ಅವನ ಮುಖ ಬಿಗಿಯಿತು. ನನ್ನನ್ನು ಬಿಟ್ಟು ಸಿರಿಯ ಕಡೆ ತಿರುಗಿದ. "ನಿಂಗೇನಮ್ಮ ಅಷ್ಟು ಅವಸರ? ನಿಮ್ಮಪ್ಪ ಹೋದ್ಮೇಲೆ ತಾನೆ ತೋಟ ನಿಂದು? ಬದುಕಿರೋ ಅಪ್ಪನ ಆಸ್ತಿಗೆ ಈಗ್ಲೇ ಕೈ ಚಾಚಿದ್ರೆ ಊರೋರು ಏನಂತಾರೆ ಗೊತ್ತಾ? ಅಪ್ಪನ ಸಾವು ಕಾಯೋ ಮಗಳು ಅಂತಾರೆ."

ಸಿರಿ ಮರದ ಬುಡಕ್ಕೆ ಮುಖ ಒತ್ತಿಕೊಂಡಳು.

ಅಪ್ಪನ ಸಾವು ಕಾಯೋ ಮಗಳು! ಇಪ್ಪತ್ತೆಂಟು ವರ್ಷದ ವಕೀಲಿಕೆಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಅನುಭವಿಸುವವನ ಕೈಗೆ ಆಸ್ತಿ ಕೊಟ್ಟು, ನಾಳೆ ಬರುವವರ ಹೆಸರನ್ನೂ ಹಿರಿಯರು ಬರೆದಿಟ್ಟು ಹೋಗಿರುತ್ತಾರೆ. ಇವತ್ತಿನವನು ನುಂಗಲು ಹೊರಟಾಗ ನಾಳೆಯವರು ಬಾಯಿ ತೆರೆದರೆ ಸಾಕು, ಆಸೆಬುರುಕರು, ಸಾವು ಕಾಯುವವರು. ಅದೂ ಹೆಣ್ಣುಮಗಳಾದರಂತೂ ಕೇಳುವುದೇ ಬೇಡ. ಕಳ್ಳನಿಗೆ ಸಿಗುವ ಮರ್ಯಾದೆ ಕಾಯುವವಳಿಗೆ ಸಿಗುವುದಿಲ್ಲ.

ಬ್ಯಾಗಿನಿಂದ ಉಯಿಲಿನ ನಕಲು ತೆಗೆದು ಜೋರಾಗಿ ಓದಿದೆ. ಶಿವಕುಮಾರ್‌ನ ತಾಯಿ ಶಿವಗಂಗಮ್ಮ ಸಾಯುವ ಮುಂಚೆ ರಿಜಿಸ್ಟರ್ ಮಾಡಿಸಿದ್ದು.

"ನನ್ನ ಮಗ ಶಿವಕುಮಾರನು ತನ್ನ ಜೀವಮಾನ ಪರ್ಯಂತ ತೋಟದ ಫಸಲನ್ನು ಅನುಭವಿಸತಕ್ಕದ್ದು. ಮರ ಕಡಿಯುವ, ಮಾರುವ, ಅಡವಿಡುವ ಹಕ್ಕು ಅವನಿಗೆ ಇರುವುದಿಲ್ಲ. ಅವನ ತರುವಾಯ ತೋಟವು ನನ್ನ ಮೊಮ್ಮಗಳು ಸಿರಿಗೆ ಸಂಪೂರ್ಣವಾಗಿ ಸೇರತಕ್ಕದ್ದು."

ಓದು ಮುಗಿಸಿ ಅವನ ಮುಖಕ್ಕೇ ಹೇಳಿದೆ. "ಕೇಳಿಸ್ತಾ? ನಿಮ್ಮಣ್ಣನಿಗಿದ್ದದ್ದು ಕಾಯಿ ತಿನ್ನೋ ಹಕ್ಕು, ಮರ ತಿನ್ನೋದಲ್ಲ. ಅಜ್ಜಿ ಕಣ್ಮುಚ್ಚಿದ ದಿನಾನೇ ಈ ಹುಡುಗಿಗೆ ಹಕ್ಕು ಬಂತು. ಸ್ವಾಧೀನ ಮಾತ್ರ ಅಪ್ಪನ ಕಾಲ ಮುಗೀಲಿ ಅಂತ ಕಾಯ್ತಿರೋದು. ತನಗಿಲ್ಲದ ಹಕ್ಕನ್ನ ನಿಮಗೆ ಬರ್ಕೊಡೋಕೆ ನಿಮ್ಮಣ್ಣ ಯಾರ್ರೀ?"

"ಅದನ್ನ ಕೋರ್ಟಲ್ಲಿ ಹೇಳಿ."

"ಹೇಳಿ ಆಯ್ತು. ಇಗೋ ಆರ್ಡರ್." ಕಾಗದವನ್ನು ಅವನ ಎದೆಗೆ ಒತ್ತಿದೆ.

ಅವನು ಓದುತ್ತ ನಿಂತ. ಕೂಲಿಯವರಲ್ಲಿ ಚಿಕ್ಕವನು ಬೇಸತ್ತು, ಬೂಟುಗಾಲಲ್ಲಿ ಬೇಲಿಯ ಕಡೆ ನಡೆದ. ಅಲ್ಲೊಂದು ತೆಂಗಿನ ಸಸಿಯಿತ್ತು. ಅದರ ಪಕ್ಕ ನಿಂತು ಬೀಡಿ ಹಚ್ಚಲು ಹೋದ.

"ಏಯ್! ಆ ಕಡೆ ತುಳೀಬ್ಯಾಡ ಕಣೋ! ಬಾರೋ ಈಚೆ!" ರಾಜಶೇಖರ್ ಎಂಥ ದನಿಯಲ್ಲಿ ಕಿರುಚಿದನೆಂದರೆ ಬೀಡಿ ಆ ಹುಡುಗನ ಬಾಯಿಂದ ಬಿತ್ತು. "ಆ ಮೂಲೆ ಬಿಡ್ರಿ ಅಂತ ಹೇಳಿರ್ಲಿಲ್ವಾ ನಿಮ್ಗೆ? ಯಾವನ್ಲಾ ಈ ಸಾಲಿಗೆ ಗರಗಸ ತಂದೋನು?"

ಹನ್ನೊಂದು ಫಸಲಿನ ಮರ ಕಡಿಸಿದ ಮನುಷ್ಯನಿಗೆ ಒಂದು ಸಸಿಯ ಮೇಲೆ ಇಷ್ಟು ಪ್ರೀತಿಯೇ?

ನಾನು ಆ ಸಸಿಯನ್ನು ಸರಿಯಾಗಿ ನೋಡಿದೆ. ನಮ್ಮಪ್ಪನೂ ತೆಂಗಿನ ತೋಟದವರೇ. ಹಗ್ಗ ಹಿಡಿದು, ಗೂಟ ಹೊಡೆದು, ಮೂವತ್ತಡಿಗೊಂದರಂತೆ ಗುಂಡಿ ತೆಗೆಸುತ್ತಿದ್ದವರು. ಒಂದು ಗೇಣು ಆಚೀಚೆಯಾದರೂ ಊಟ ಬಿಟ್ಟು ಬಯ್ಯುತ್ತಿದ್ದರು. ಹಳೇ ಮರಕ್ಕೆ ಬದಲಿ ಇಡುವವರೂ ನಾಲ್ಕು ಮರದ ನಟ್ಟನಡುವೆ ಅಳೆದೇ ಇಡುತ್ತಾರೆ. ಇದು ಯಾವ ಸಾಲಿಗೂ ಸೇರದೆ, ಸಿರಿ ತಬ್ಬಿದ ಮರದಿಂದ ಬರೀ ಆರಡಿ ದೂರದಲ್ಲಿ, ನೆರಳಿನಲ್ಲಿ ನಿಂತಿತ್ತು. ಹನಿ ನೀರಿನ ಪೈಪು ಕೂಡ ಅಲ್ಲಿ ಸುತ್ತಿ ಬಳಸಿ ಹೋಗಿತ್ತು. ವರ್ಷ ಕಳೆದಿರಬಹುದಾದ ಸಸಿ, ಹೆಚ್ಚೆಂದರೆ ಹದಿನಾಲ್ಕು ತಿಂಗಳು.

ಹದಿನಾಲ್ಕು ತಿಂಗಳು.

ರಾಜಶೇಖರ್ ಬಿದ್ದ ಬೀಡಿಯನ್ನು ಎತ್ತಿ ಎಸೆಯಲು ತಾನೇ ಹೊರಟ. ಮರದ ಪುಡಿ, ಹಸಿ ಗೊನೆ, ಬಿದ್ದ ಗರಿ ಎಲ್ಲವನ್ನೂ ತುಳಿದುಕೊಂಡೇ ಹೋದ. ಸಸಿ ನಾಲ್ಕು ಹೆಜ್ಜೆ ಇದೆ ಎನ್ನುವಾಗ ಅವನ ಪಾದಗಳು ತಾವಾಗಿಯೇ ಚಪ್ಪಲಿಯಿಂದ ಹೊರಗೆ ಬಂದವು. ಬರಿಗಾಲಲ್ಲಿ ಹೋಗಿ ಬೀಡಿ ಎತ್ತಿದ, ಹಿಂದಕ್ಕೆ ಬಂದು ಮತ್ತೆ ಚಪ್ಪಲಿ ಮೆಟ್ಟಿದ. ತಾನೇನು ಮಾಡಿದೆ ಎನ್ನುವುದು ಅವನ ಗಮನಕ್ಕೇ ಬಂದಿರಲಿಲ್ಲ.

ಕರಿಯಪ್ಪ ಅವನ ಹಿಂದೆ ಹೋಗಿ ಚೆದುರಿದ ಮಣ್ಣನ್ನು ಕೈಯಲ್ಲಿ ಸರಿಮಾಡಿದ. ಅವನ ಹವಾಯಿ ಚಪ್ಪಲಿಯೂ ನಾಲ್ಕು ಹೆಜ್ಜೆ ಈಚೆಗೇ ಉಳಿದಿತ್ತು.

ಇವರೂ ನಾವೂ ಲಿಂಗ ಕಟ್ಟುವ ಜನ, ಶವ ಸುಡುವವರಲ್ಲ. ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಮಣ್ಣಿಗೆ ಒಪ್ಪಿಸುವವರು. ಆ ಮಣ್ಣಿನ ಮೇಲೆ ನಮ್ಮ ಜನ ಚಪ್ಪಲಿಗಾಲು ಇಡುವುದಿಲ್ಲ. ಕೋರ್ಟಿಗೆ ಸುಳ್ಳು ಹೇಳಬಹುದು, ಅಣ್ಣನ ಮಗಳ ಬಾಯಿಗೆ ಮಣ್ಣು ಹಾಕಬಹುದು, ಇದೊಂದು ಮಾತ್ರ ಆಗುವುದಿಲ್ಲ. ಎದೆಹಾಲಿನ ಜೊತೆಗೆ ಬಂದದ್ದು ಅಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆಯೇ?

"ರಾಜಶೇಖರ್, ಒಂದು ಫೋಟೋ ಬೇಕಿತ್ತು," ಎಂದೆ, ಮೊಬೈಲ್ ತೆಗೆದು. "ಆರ್ಡರ್ ಕೈಗೆ ಕೊಟ್ಟಿದ್ದಕ್ಕೆ ಕೋರ್ಟಿಗೆ ಸಾಕ್ಷಿ. ಆ ಸಸಿ ಪಕ್ಕ ನಿಂತ್ಕೊಳ್ಳಿ."

"ಇಲ್ಲೇ ತಗೊಳ್ಳಿ."

"ಇಲ್ಲಿ ಬಿಸಿಲು ಕಣ್ಣಿಗೆ ಹೊಡಿಯುತ್ತೆ. ಅಲ್ಲೇ, ಸಸಿ ಬುಡದಲ್ಲಿ. ಚಪ್ಪಲಿ ಹಾಕ್ಕೊಂಡು."

ಅವನು ಕದಲಲಿಲ್ಲ.

"ಏನಾಯ್ತು? ನಿಮ್ದೇ ತೋಟ ಅಲ್ವಾ? ನಾಲ್ಕು ಹೆಜ್ಜೆ."

"ಆಗಲ್ಲ."

"ಯಾಕೆ ಆಗಲ್ಲ?"

"ಆಗಲ್ಲ ಅಂದ್ನಲ್ಲ ಮೇಡಂ!" ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಸರಿ, ನೀವು ಬೇಡ. ಈ ಹುಡುಗನ್ನ ನಿಲ್ಲಿಸ್ತೀನಿ. ಬಾರಪ್ಪ, ಬೂಟು ಹಾಕ್ಕೊಂಡೇ ಬಾ. ಹಾರೆ ತಗೊಂಡು ಆ ಸಸೀನೂ ಎಬ್ಬಿಸಿಬಿಡು, ಹೆಂಗೂ ತೋಟ ತೆಗೀತಿದೀರಲ್ಲ."

"ಬ್ಯಾಡಿ ಅಮ್ಮಾರೆ!" ಕೂಗಿದವನು ಕರಿಯಪ್ಪ. ನೆಲಕ್ಕೆ ಕುಸಿದು ಎರಡೂ ಕೈ ಸಸಿಯ ಸುತ್ತ ಚಾಚಿದ. "ತುಳಿಬ್ಯಾಡಿ, ನಿಮ್ ದಮ್ಮಯ್ಯ. ಸಣ್ಣ ಯಜಮಾನ್ರು ಮಲಗವ್ರೆ."

ನಾನು ಸಿರಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ಎದ್ದೇಳ್ಲಾ, ಬಾಯ್ ಮುಚ್ಕಂಡು!" ರಾಜಶೇಖರ್ ಅವನ ಮೇಲೆ ಏರಿಹೋದ. ನಾನು ಅಡ್ಡ ನಿಂತೆ.

"ಮುಟ್ಟಿ ನೋಡ್ರಿ ಅವನ್ನ," ಎಂದೆ. "ಕರಿಯಪ್ಪ, ನೀನು ಹೇಳು."

"ದನ ಸತ್ತೈತೆ, ಗುಂಡಿ ತೆಗಿ ಅಂದ್ರು ಅಮ್ಮಾರೆ. ಎದೆಮಟ ತೆಗ್ದೆ. ಆಮ್ಯಾಕೆ ಪಕ್ಕದ ಗ್ವಾಡೇಲಿ ಮನುಷ್ಯ ಕೂರೋವಷ್ಟು ಒಂದು ಗೂಡು ಕೊರಿ ಅಂದ್ರು." ಮುದುಕ ಅಳುತ್ತಿದ್ದ. "ದನಕ್ಕೆ ಯಾರಾರ ಗೂಡು ಕೊರೀತಾರಾ? ಆಗ್ಲೇ ನಂಗೆ ಗೊತ್ತಾಯ್ತು. ನೀನು ಮನೀಗೋಗು ಅಂದ್ರು, ಹೋದೆ. ಬೆಳಗ್ಗೆ ಬಂದ್ರೆ ಗುಂಡಿ ಮುಚ್ಚಿ ಸಸಿ ಇಟ್ಟಿದ್ರು. ಸುತ್ತ ವಿಭೂತಿ ಚೂರು ಬಿದ್ದಿದ್ವು. ನಾನೇ ಆಯ್ದು ಒಳೀಕೆ ಸೇರಿಸ್ದೆ."

"ಇಷ್ಟು ದಿನ ಯಾಕಯ್ಯಾ ಬಾಯಿ ಬಿಡಲಿಲ್ಲ?"

"ಇವರ ಜಾಗದಾಗೇ ಅಲ್ವರಾ ನನ್ ಗುಡಿಸ್ಲು ಇರೋದು."

ಆ ಕ್ಷಣ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ರಾಜಶೇಖರನ ಕೈಯಲ್ಲಿದ್ದ ಆ ಕಾಗದವನ್ನು ಕಿತ್ತುಕೊಂಡೆ. "ಹೋದ ತಿಂಗಳ ಸೈನು! ಹದಿನಾಲ್ಕು ತಿಂಗಳಿಂದ ಮಣ್ಣೊಳಗಿರೋರು ಹೋದ ತಿಂಗಳು ಎದ್ದು ಬಂದು ಸೈನ್ ಹಾಕಿ ಹೋದ್ರಾ? ಸತ್ತೋರನ್ನ ಬದುಕಿಸಿಟ್ಕೊಂಡು ಬದುಕಿರೋಳ ಅನ್ನ ತಿಂದ್ರಲ್ಲ, ನಾಚಿಕೆ ಆಗಲ್ವೇನ್ರಿ? ಅವರು ಹೋದ ಗಳಿಗೆಯಿಂದ ಇಲ್ಲಿನ ಒಂದೊಂದು ಕಾಯಿ, ಒಂದೊಂದು ಗರಿ ಈ ಹುಡುಗೀದು. ಅವಳನ್ನೇ ನಿಲ್ಲಿಸ್ಕೊಂಡು ಸಾವು ಕಾಯೋಳು ಅಂತೀರಾ?"

ಅವನು ಬದುವಿನ ಮೇಲೆ ಕೂತುಬಿಟ್ಟ. ಇಸ್ತ್ರಿ ಶರ್ಟಿನ ವ್ಯಾಪಾರಿ ಮಾಯವಾಗಿ, ಬರಿಯ ಹೆದರಿದ ಮನುಷ್ಯನೊಬ್ಬ ಉಳಿದಿದ್ದ.

"ನಾನೇನು ಕೊಂದಿಲ್ಲ ಮೇಡಂ. ಆಣೆ ಮಾಡ್ತೀನಿ. ಸಂಜೆ ಹೊತ್ಗೆ ಬಂದೆ, ಪಂಪ್‌ಹೌಸ್‌ನಾಗೆ ಗ್ವಾಡೆಗೆ ಒರಗಿ ಕೂತವ್ನೆ. ಮೈ ತಣ್ಣಗಾಗಿತ್ತು. ಪಕ್ಕದಾಗೆ ಮಜ್ಜಿಗೆ ಲೋಟ. ಹಾರ್ಟ್ ಅಟ್ಯಾಕು. ಮೊದ್ಲೇ ಎದೆನೋವು ಅಂತಿದ್ದ."

"ಹೋಗಿ ನಾಲ್ಕು ಜನಕ್ಕೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಅವತ್ತೇ ತೋಟ ಇವಳ್ದು." ಅವನು ಸಿರಿಯತ್ತ ನೋಡಲಿಲ್ಲ. "ಈ ತೋಟಕ್ಕೆ ಹನ್ನೆರಡು ವರ್ಷ ನೀರು ಹಾಯ್ಸಿದ್ದು ನಾನು. ಅವ್ನು ಇಸ್ಪೀಟ್ ಆಡ್ಕೊಂಡು ಅಲೀತಿದ್ದ. ದೊಡ್ಡಮ್ಮ ಉಯಿಲಲ್ಲಿ ನನ್ ಹೆಸರು ಒಂದ್ ಸಾಲೂ ಬರೀಲಿಲ್ಲ. ಹೊಟ್ಟೆ ಉರೀತು. ಆದ್ರೆ ಅಣ್ಣನ್ನ ನಾಯಿ ಹೂಳ್ದಂಗೆ ಹೂಳಲಿಲ್ಲ ಮೇಡಂ. ಸ್ನಾನ ಮಾಡ್ಸಿ, ಲಿಂಗ ಕೈಗಿಟ್ಟು, ವಿಭೂತಿ ಹಾಕಿ, ಗೊತ್ತಿರೋ ಮಂತ್ರ ನಾನೇ ಹೇಳಿ ಕೂರಿಸ್ದೆ."

ಸುಳ್ಳುಗಾರನ ಬಾಯಲ್ಲಿ ನಿಜ ಹೇಗಿರುತ್ತದೆ ಎಂದು ನನಗೆ ಗೊತ್ತು, ಅದು ನಿಜವೇ ಆಗಿತ್ತು. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ.

ಹಳೇಬೀಡಿನ ಸ್ಟೇಷನ್ನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಜೀಪು ಬರುತ್ತದೆ, ತಹಸೀಲ್ದಾರರು ಬರುವವರೆಗೆ ಮಣ್ಣು ಮುಟ್ಟಬೇಡಿ ಎಂದರು. ಕೂಲಿಯವರನ್ನು ಗೇಟಿನ ಹತ್ತಿರ ನಿಲ್ಲಲು ಕಳಿಸಿದೆ.

"ಇನ್ನೊಂದು ಪ್ರಶ್ನೆ ರಾಜಶೇಖರ್. ಶವ ಇಲ್ಲಿದೆ ಅಂತ ಇನ್ಯಾರಿಗೆ ಗೊತ್ತು? ಮನೆಯವರಿಗೆ?"

"ಹೆಂಡ್ತಿಗೂ ಗೊತ್ತಿಲ್ಲ. ಅವಳಿಗೂ ಮಠದಾಗವ್ನೆ ಅಂತಾನೇ ಹೇಳಿದ್ದು."

"ಸರಿಯಾಗಿ ಯೋಚ್ನೆ ಮಾಡಿ ಹೇಳಿ."

"ನಾನು, ಈ ಕರಿಯಪ್ಪ. ನಮ್ಮಿಬ್ರನ್ನ ಬಿಟ್ರೆ ಮೂರನೇ ನರಮನುಷ್ಯರಿಗೆ ಗೊತ್ತಿಲ್ಲ. ಲಿಂಗ ಮುಟ್ಟಿ ಹೇಳ್ತೀನಿ." ಶರ್ಟಿನೊಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡ.

ಕರಿಯಪ್ಪ ಹೌದೆಂದು ತಲೆಯಾಡಿಸಿದ.

ನಾನು ಸಿರಿಯನ್ನು ಸಮಾಧಾನ ಮಾಡಲು ತಿರುಗಿದೆ. ಏನು ಹೇಳುವುದೆಂದು ತೋಚುತ್ತಿರಲಿಲ್ಲ. ತೋಟ ನಿನ್ನದಾಯಿತು ಮಗಳೇ, ಆದರೆ ಅಪ್ಪ ಇಲ್ಲ ಎನ್ನುವುದನ್ನು ಯಾವ ಬಾಯಲ್ಲಿ ಹೇಳಲಿ? ಅವಳು ಮರಕ್ಕೆ ಒರಗಿ ನಿಂತಿದ್ದಳು. ಅವಳ ಮಣ್ಣಾದ ಪಾದಗಳು ಸಸಿಯಿಂದ ಮೂರು ಹೆಜ್ಜೆ ದೂರದಲ್ಲಿದ್ದವು.

ಬರಿಗಾಲು.

ನಾನು ಬದುವಿನ ಕಡೆ ನೋಡಿದೆ. ನೀಲಿ ಚಪ್ಪಲಿ ಅಲ್ಲೇ ಇದ್ದವು. ಎಳೆದಾಟದಲ್ಲಿ ಕಳಚಿದ ಚಪ್ಪಲಿ ಒಂದು ಅತ್ತ, ಒಂದು ಇತ್ತ ಬಿದ್ದಿರುತ್ತದೆ. ಇವು ಒಂದರ ಪಕ್ಕ ಒಂದು ನೆಟ್ಟಗೆ ಕೂತಿದ್ದವು, ಮನೆ ಬಾಗಿಲಲ್ಲಿ ಬಿಟ್ಟ ಹಾಗೆ. ಓಡಿ ಬಂದು ತಬ್ಬಿಕೊಂಡಳು ಎಂದಿದ್ದ ಕೂಲಿಯವನು. ಹನ್ನೊಂದು ಮರ ಬೀಳುವುದನ್ನು ಸುಮ್ಮನೆ ನೋಡಿದವಳು, ಸಸಿಯ ಪಕ್ಕದ ಮರಕ್ಕೆ ಗರಗಸ ಬಂದಾಗ ಮಾತ್ರ ಓಡಿದ್ದಳು. ಓಡುವ ಆ ಆತುರದಲ್ಲೂ ಚಪ್ಪಲಿ ಬಿಟ್ಟು ಬಂದಿದ್ದಳು.

ಕರಿಯಪ್ಪ ಬಾಯಿ ಬಿಟ್ಟಾಗ ಅವಳು ಚೀರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಅಪ್ಪ ಎಂದು ಒಂದು ಮಾತೂ ಆಡಿರಲಿಲ್ಲ.

ಮೂರು ವಾರದಿಂದ ಈ ಹುಡುಗಿಗಾಗಿ ಮಠಗಳಿಗೆ, ಆಸ್ಪತ್ರೆಗಳಿಗೆ ಫೋನ್ ಮಾಡಿ ಮಾಡಿ ನನ್ನ ಕಿವಿ ಬಿಸಿಯಾಗಿತ್ತು. ಅವಳಿಗಾಗಿ ಊರನ್ನೆಲ್ಲ ಬಯ್ದಿದ್ದೆ. ಈಗ ಆ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು, ಆಮೇಲೆ ಅವಳ ಮೇಲೆ.

"ಸಿರಿ," ಎಂದೆ, ರಾಜಶೇಖರ್‌ಗೆ ಕೇಳಿಸದಷ್ಟು ಮೆಲ್ಲಗೆ. "ಅಪ್ಪನ್ನ ಹುಡುಕಿಕೊಡಿ ಅಂತ ತಾನೆ ನನ್ನ ಹತ್ರ ಬಂದಿದ್ದು? ಅವರು ಇಲ್ಲೇ ಇದಾರೆ ಅಂತ ನಿಂಗೆ ಯಾವತ್ತಿಂದ ಗೊತ್ತು?"

ಅವಳು ಮೊದಲು ತನ್ನ ಪಾದ ನೋಡಿಕೊಂಡಳು. ಆಮೇಲೆ ಬದುವಿನ ಮೇಲಿನ ಚಪ್ಪಲಿ ನೋಡಿದಳು. ದುಪ್ಪಟ್ಟದ ತುದಿಯಿಂದ ಮುಖ ಒರೆಸಿಕೊಂಡು, ನನ್ನ ಕಣ್ಣನ್ನೇ ನೋಡಿದಳು. ಅಲ್ಲಿ ಅಳುವಿನ ಗುರುತೇ ಇರಲಿಲ್ಲ. ಹಳ್ಳಿಯ ರಸ್ತೆಯಲ್ಲಿ ಜೀಪಿನ ಸದ್ದು ಹತ್ತಿರವಾಗುತ್ತಿತ್ತು.

"ಅವತ್ತು ರಾತ್ರಿಯಿಂದ್ಲೇ. ಅಪ್ಪ ಎದೆನೋವಿಂದ ಹೋದ್ರು ಅಂತ ಚಿಕ್ಕಪ್ಪ ಅಂದ್ಕೊಂಡಿದಾರೆ ಮೇಡಂ," ಎಂದಳು. "ಆ ಮಜ್ಜಿಗೆ ತಂದ್ಕೊಟ್ಟೋರು ಯಾರು ಅಂತ ಕೇಳ್ಲೇ ಇಲ್ಲ. ಪಾಪ, ಅವರಿಗೆ ಗೊತ್ತಿರೋದು ಅಷ್ಟೇ."